ನಾಲ್ಕು ಸೇಬು ಸರಿ, ಯಾವ ಸೇಬು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಆಪಲ್ ಪೈ (ಹಿಟ್ಟಿನ ಹೊದಿಕೆಯೊಳಗೆ ಸೇಬಿನ ಹೋಳು ತುಂಬಿ ಬೇಯಿಸುವ ಸಿಹಿತಿನಿಸು) ಮಾಡುವ ವಿಧಾನ ಓದಿ ಈ ಪತ್ರ ಬರೆಯುತ್ತಿದ್ದೇನೆ. ಮೈದಾ ಎಷ್ಟು, ಬೆಣ್ಣೆ ಎಷ್ಟು, ಓವನ್ ಎಷ್ಟು ಬಿಸಿ ಇರಬೇಕು, ಎಲ್ಲವನ್ನೂ ಅಳತೆ ಸಮೇತ ಕೊಟ್ಟಿದ್ದೀರಿ. ಸೇಬಿನ ಸರದಿ ಬಂದಾಗ ಮಾತ್ರ ‘ಸೇಬು: ನಾಲ್ಕು’ ಎಂದಷ್ಟೇ ಇದೆ. ಯಾವ ಸೇಬು?

ಇದು ಸಣ್ಣ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಮೊದಲ ಸಲ ಪೈ ಮಾಡಿದಾಗ, ನೋಡಲು ಚೆಂದ ಅಂತ ಕಡುಗೆಂಪಿನ ರೆಡ್ ಡೆಲಿಷಿಯಸ್ ಹಣ್ಣುಗಳನ್ನೇ ಆರಿಸಿ ತಂದಿದ್ದೆ. ಬೆಂದ ಮೇಲೆ ಕತ್ತರಿಸಿ ನೋಡಿದರೆ ಒಳಗೆ ಹೋಳೇ ಇಲ್ಲ. ನೀರುನೀರಾದ ಸಪ್ಪೆ ಮುದ್ದೆ. ತಳದ ಹಿಟ್ಟೂ ನೆನೆದುಹೋಗಿತ್ತು. ಮಗಳು ಏನೂ ಹೇಳದೆ ತಿಂದಳು. ಅದೇ ನನಗೆ ಜಾಸ್ತಿ ಬೇಜಾರಾಯಿತು. ತಪ್ಪು ನನ್ನ ಕೈಯದ್ದೇ ಅಂದುಕೊಂಡು ಎರಡು ವರ್ಷ ಪೈ ತಂಟೆಗೇ ಹೋಗಲಿಲ್ಲ.

ಆಮೇಲೊಮ್ಮೆ ಗ್ರಾನಿ ಸ್ಮಿತ್ ಎಂಬ ಹಸಿರು ಸೇಬು ಹಾಕಿ ಮಾಡಿದೆ. ಅದೇ ಕೈ, ಅದೇ ಅಳತೆ. ಹಣ್ಣು ಮಾತ್ರ ಬೇರೆ. ಹೋಳು ಹೋಳಾಗಿಯೇ ಉಳಿದಿತ್ತು, ಚಮಚ ಒತ್ತಿದರೆ ಮೆತ್ತಗೆ ಬಿಡುತ್ತಿತ್ತು. ಅಷ್ಟು ಸಕ್ಕರೆಯ ನಡುವೆಯೂ ಹುಳಿ ನಾಲಿಗೆಗೆ ತಾಗುತ್ತಿತ್ತು. ಆ ದಿನದಿಂದ ಸೇಬನ್ನು ಬರೀ ‘ಸೇಬು’ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಈ ಹಸಿರು ಹಣ್ಣಿನ ಹೆಸರಲ್ಲಿರುವ ‘ಗ್ರಾನಿ’, ಅಂದರೆ ಅಜ್ಜಿ, ನಿಜವಾಗಿ ಬದುಕಿದ್ದವರು. ಮಾರಿಯಾ ಆನ್ ಸ್ಮಿತ್. ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಈಸ್ಟ್‌ವುಡ್‌ನಲ್ಲಿ ಅವರ ತೋಟವಿತ್ತು. ಅಲ್ಲಿ ತಾನಾಗಿ ಹುಟ್ಟಿದ ಸಸಿಯೊಂದರ ಹಣ್ಣು ಅಡುಗೆಗೆ ಚೆನ್ನಾಗಿದೆ ಎಂದು 1868ರ ಹೊತ್ತಿಗೆ ಅವರು ಕಂಡುಕೊಂಡಿದ್ದರು. 1870ರಲ್ಲಿ ತೀರಿಕೊಂಡರು. ಆ ಹಣ್ಣು ಲೋಕವೆಲ್ಲ ಸುತ್ತಿದ್ದನ್ನು ಅವರು ನೋಡಲೇ ಇಲ್ಲ. ಸೇಬಿನ ಬೀಜ ನೆಟ್ಟರೆ ತಾಯಿಮರದಂಥದ್ದೇ ಹಣ್ಣು ಬರುವುದಿಲ್ಲ, ಪ್ರತಿ ಬೀಜದ ಗುಣವೂ ಬೇರೆ. ಒಳ್ಳೆಯ ಮರ ಸಿಕ್ಕರೆ ಅದರ ಕಡ್ಡಿ ತಂದು ಕಸಿ ಕಟ್ಟಬೇಕು. ಹಾಗಾಗಿ ಇವತ್ತು ನಾವು ಕತ್ತರಿಸುವ ಪ್ರತಿಯೊಂದು ಗ್ರಾನಿ ಸ್ಮಿತ್ ಕೂಡ ಆ ಒಂದು ಸಸಿಯಿಂದಲೇ ಬಂದದ್ದು. ಹೆಸರು ಬಿಟ್ಟರೆ ಇದೆಲ್ಲ ಬಿಟ್ಟಂತೆ ಅಲ್ವಾ?

ಇಂಗ್ಲೆಂಡಿನ ಬ್ರ್ಯಾಮ್ಲಿ ಎಂಬ ಸೇಬಿನ ಕತೆ ಇನ್ನೂ ಕಾಡುತ್ತದೆ. ಸೌತ್‌ವೆಲ್ ಊರಿನಲ್ಲಿ ಮೇರಿ ಆನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ 1809ರಲ್ಲಿ ಬೀಜ ನೆಟ್ಟಳು. ಮುಂದೆ ಆ ಮನೆಯನ್ನು ಮ್ಯಾಥ್ಯೂ ಬ್ರ್ಯಾಮ್ಲಿ ಎಂಬ ಕಟುಕ ಕೊಂಡ. 1856ರಲ್ಲಿ ಸಸಿ ಬೆಳೆಸುವವರೊಬ್ಬರು ಬಂದು ಕಸಿಗೆ ಕಡ್ಡಿ ಕೇಳಿದಾಗ, ಕೊಡುತ್ತೇನೆ, ಆದರೆ ಹಣ್ಣಿಗೆ ನನ್ನ ಹೆಸರಿಡಬೇಕು ಎಂದ. ಅದೇ ಹೆಸರು ನಿಂತಿತು. ಹಸಿಯಾಗಿ ತಿನ್ನಲು ಇದು ತೀರಾ ಹುಳಿ. ಬೆಂದರೆ ಮಾತ್ರ ನೊರೆಯಂತೆ ಅರಳಿ ಕರಗುತ್ತದೆ. ಸಾಸ್‌ಗೆ ಇದಕ್ಕಿಂತ ಒಳ್ಳೆಯ ಹಣ್ಣನ್ನು ನಾನು ಕಂಡಿಲ್ಲ. ಹೋಳು ಕಾಣಬೇಕೆನ್ನುವ ಪೈಗೆ ಹಾಕಿದರೆ ಒಂದು ಹೋಳೂ ಉಳಿಯುವುದಿಲ್ಲ.

ರೆಡ್ ಡೆಲಿಷಿಯಸ್‌ ಮೇಲೆ ನನಗೆ ಕೋಪವಿಲ್ಲ. ಅದು ಹುಟ್ಟುವಾಗ ಹೀಗಿರಲಿಲ್ಲ. ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ಅದು ಗೆರೆಗೆರೆಯ ಹಣ್ಣಾಗಿತ್ತು, ಅವನಿಟ್ಟ ಹೆಸರು ಹಾಕ್‌ಐ. ಆಮೇಲೆ ಬಂದವರು ಹೆಚ್ಚು ಕೆಂಪು ಹಣ್ಣು ಬಿಟ್ಟ ಕೊಂಬೆಗಳನ್ನೇ ಹುಡುಕಿ ಕಸಿ ಕಟ್ಟುತ್ತಾ ಹೋದರು. ಬಣ್ಣ ಏರಿತು, ಸಿಪ್ಪೆ ದಪ್ಪವಾಯಿತು, ರುಚಿ ಹಿಂದೆ ಬಿತ್ತು. ನಾವು ಕೆಂಪು ನೋಡಿ ಕೊಂಡೆವು, ಅವರು ಕೆಂಪನ್ನೇ ಬೆಳೆದರು.

ಹಸಿಯಾಗಿ ತಿನ್ನಲು ನನಗೆ ಫ್ಯೂಜಿಯೇ ಆಗಬೇಕು. ಜಪಾನಿನ ಫುಜಿಸಾಕಿಯಲ್ಲಿ ಇದೇ ರೆಡ್ ಡೆಲಿಷಿಯಸ್ ಜೊತೆ ರಾಲ್ಸ್ ಜಾನೆಟ್ ಎಂಬ ಹಳೆಯ ತಳಿಯನ್ನು ಕೂಡಿಸಿ ಪಡೆದ ಹಣ್ಣು ಅದು, 1962ರಲ್ಲಿ ಹೊರಬಂತು. ಬಣ್ಣ ಮಾಸಲು, ಮೈಮೇಲೆ ಗೆರೆ. ಕಚ್ಚಿದರೆ ಕಟುಂ ಅನ್ನಬೇಕು, ರಸ ಮುಂಗೈಗೆ ಇಳಿಯಬೇಕು. ಮಗಳಿಗೆ ಹನಿಕ್ರಿಸ್ಪ್ ಇಷ್ಟ. ಯಾವುದೇ ಆಗಲಿ, ಬುಟ್ಟಿಯಲ್ಲಿ ಹೊರಗಿಡಬೇಡಿ. ಬಿಸಿಯಲ್ಲಿ ಬೇಗ ಹಿಟ್ಟುಹಿಟ್ಟಾಗುತ್ತವೆ, ಫ್ರಿಜ್‌ನಲ್ಲಿ ವಾರಗಟ್ಟಲೆ ಗಟ್ಟಿಯಾಗಿರುತ್ತವೆ.

ನಮ್ಮಮ್ಮನಿಗೆ ಈಗ ಹಲ್ಲಿಲ್ಲ. ಅವರಿಗೆ ಗೋಲ್ಡನ್ ಡೆಲಿಷಿಯಸ್ ಸಿಪ್ಪೆ ತೆಗೆದು, ಎರಡು ಚಮಚ ನೀರು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ ಕೊಡುತ್ತೇನೆ. ಸಕ್ಕರೆಯೇ ಬೇಡ. ಹೆಸರು ಕೇಳಿ ರೆಡ್ ಡೆಲಿಷಿಯಸ್‌ನ ಒಡಹುಟ್ಟು ಅಂದುಕೊಂಡಿದ್ದೆ. ಸಂಬಂಧವೇ ಇಲ್ಲ, ಇದು ವೆಸ್ಟ್ ವರ್ಜೀನಿಯಾದಲ್ಲಿ ಬೇರೆಯಾಗಿ ಸಿಕ್ಕ ಮರ. ಬೆಂದಾಗ ಬರುವ ಘಮ ಕೋಣೆಯಿಂದಲೇ ಅಮ್ಮನಿಗೆ ಗೊತ್ತಾಗುತ್ತದೆ. ಬೇರೆ ಸೇಬು ಬೇಯಿಸಿದ ದಿನ ಒಂದೇ ಚಮಚಕ್ಕೆ ‘ಇವತ್ತು ಅದಲ್ಲ’ ಅನ್ನುತ್ತಾರೆ. ತೊಂಬತ್ತರ ಹತ್ತಿರದ ಅವರಿಗೆ ಗೊತ್ತಾಗುವ ವ್ಯತ್ಯಾಸ ನಿಮ್ಮ ಪುರವಣಿಯಲ್ಲೂ ಕಾಣಲಿ ಎಂಬುದಷ್ಟೇ ನನ್ನ ಆಸೆ.

ಆದ್ದರಿಂದ ಒಂದು ಕೋರಿಕೆ. ಇನ್ನು ಮುಂದೆ ಸೇಬಿನ ಅಡುಗೆ ಪ್ರಕಟಿಸುವಾಗ ತಳಿಯ ಹೆಸರು ಹಾಕಿ. ಪಕ್ಕದಲ್ಲಿ ‘ಬೆಂದರೂ ಹೋಳು ಉಳಿಯುತ್ತದೆ’ ಅಥವಾ ‘ಕರಗುತ್ತದೆ’ ಎಂಬ ಒಂದು ಮಾತಿದ್ದರೆ ಸಾಕು. ಓದುಗರು ಹಣ್ಣಿನ ಮೇಲಿನ ಪುಟ್ಟ ಸ್ಟಿಕ್ಕರ್ ಕಿತ್ತೆಸೆಯುವ ಮುಂಚೆ ಒಮ್ಮೆ ನೋಡಲಿ. ಎಷ್ಟೋ ಸಲ ಅದರಲ್ಲಿ ಹೆಸರಿರುತ್ತದೆ. ಇಲ್ಲದಿದ್ದರೂ ಸಾಮಾನ್ಯವಾಗಿ ತಳಿ ಗುರುತಿಸುವ ನಾಲ್ಕಂಕಿಯ ಸಂಖ್ಯೆ ಇರುತ್ತದೆ. ದೊಡ್ಡ ಗ್ರಾನಿ ಸ್ಮಿತ್‌ಗೆ 4017, ದೊಡ್ಡ ಫ್ಯೂಜಿಗೆ 4131.

ನಿಮ್ಮ ಆ ಪೈಯನ್ನು ಮೊನ್ನೆ ಮಾಡಿ ನೋಡಿದೆ. ನಿಮ್ಮ ಅಳತೆ ಸರಿಯಾಗಿಯೇ ಇದೆ. ‘ಸೇಬು: ನಾಲ್ಕು’ ಎಂಬಲ್ಲಿ ನಾನು ಹಾಕಿದ್ದು ಮೂರು ಗ್ರಾನಿ ಸ್ಮಿತ್, ಒಂದು ಗೋಲ್ಡನ್ ಡೆಲಿಷಿಯಸ್. ದಯವಿಟ್ಟು ಮುಂದಿನ ವಾರ ಅದನ್ನು ಸೇರಿಸಿ ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗಳು