ಎನ್‌ಜಿಸಿ 1265ರ ಬಾಲ ಕಾಣುವಂತೆ ಮಾಡಿದವರಿಗೆ

ಪರ್ಸಿಯಸ್ ಗೆಲಾಕ್ಸಿ ಗುಚ್ಛದ ಎನ್‌ಜಿಸಿ 1265 ಎಂಬ ಗೆಲಾಕ್ಸಿಯ ರೇಡಿಯೊ ನಕ್ಷೆಗಳು ಕೊನೆಗೂ ಸಿದ್ಧವಾಗಿವೆ. ಇದರ ಹಿಂದೆ ದುಡಿದವರ ಋಣ ದೊಡ್ಡದು.

ಈ ಗೆಲಾಕ್ಸಿಯು ಗುಚ್ಛದ ಬಿಸಿ ಅನಿಲದೊಳಗೆ ಸೆಕೆಂಡಿಗೆ 2,000 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನುಗ್ಗುತ್ತಿದೆ. ಎದುರಿನ ಒತ್ತಡಕ್ಕೆ ಅದರ ನಡುವಿನಿಂದ ಚಿಮ್ಮುವ ಎರಡೂ ಜೆಟ್‌ಗಳು ಹಿಂದಕ್ಕೆ ಬಾಗಿ, ಬೆರೆತು, ಉದ್ದನೆಯ ಬಾಲವಾಗಿವೆ. ಬಾಲದ ತುದಿ ತೀರಾ ಮಂಕು, ಅಗಲಕ್ಕೆ ಹರಡಿಕೊಂಡದ್ದು. ಅದನ್ನು ಹಿಡಿಯಲು ಹತ್ತಿರ ಹತ್ತಿರದ ಡಿಶ್‌ಗಳೇ ಬೇಕು.

ಹಾಗಾಗಿ ಮೊದಲ ವಂದನೆ ಪುಣೆ ಜಿಲ್ಲೆಯ ಖೋಡದ್‌ನ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ ಸಿಬ್ಬಂದಿಗೆ. 45 ಮೀಟರ್ ಅಗಲದ 30 ಡಿಶ್‌ಗಳಲ್ಲಿ 14 ನಡುವಿನ ಚೌಕದಲ್ಲೇ ಇವೆ. ಕರೆಂಟ್ ಕಂಬದ ಸಡಿಲ ಜೋಡಣೆಯಲ್ಲಿ ಹಾರುವ ಕಿಡಿಯ ಗದ್ದಲ ಹೆಚ್ಚು ಕಾಡುವುದೂ ಈ ಚಿಕ್ಕ ಬೇಸ್‌ಲೈನ್‌ಗಳನ್ನೇ, ಅಂದರೆ ಹತ್ತಿರದ ಡಿಶ್ ಜೋಡಿಗಳನ್ನೇ. ಅವುಗಳ ದತ್ತಾಂಶವನ್ನು ಒಟ್ಟಾರೆ ಕತ್ತರಿಸಿ ಎಸೆದರೆ ಗದ್ದಲದ ಜೊತೆ ಬಾಲವೂ ಹೋಗುತ್ತದೆ. ಒಂದೊಂದು ಬೇಸ್‌ಲೈನನ್ನೂ ಕಣ್ಣಿಟ್ಟು ನೋಡಿ, ಕೆಟ್ಟ ನಿಮಿಷಗಳನ್ನಷ್ಟೇ ತೆಗೆದ ವಿದ್ಯಾರ್ಥಿಗಳ ತಾಳ್ಮೆಗೆ ನಮೋ ನಮಃ. ಕಂಬ ಹತ್ತಿ ಜೋಡಣೆ ಬಿಗಿ ಮಾಡುವ ಲೈನ್‌ಮನ್‌ಗಳಿಗೂ ಅಷ್ಟೇ ಪ್ರೀತಿಯ ಧನ್ಯವಾದ.

ಇನ್ನೊಂದು ಕಷ್ಟ ಗುಚ್ಛದ ನಡುವೆ ಉರಿಯುವ ಪ್ರಖರ ರೇಡಿಯೊ ಮೂಲ 3ಸಿ 84. ಅದು ನಮ್ಮ ಗುರಿಯಿಂದ ಸುಮಾರು 27 ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ದೂರ. 650 ಮೆಗಾಹರ್ಟ್ಸ್‌ನಲ್ಲಿ ಬೀಮಿನ, ಅಂದರೆ ಡಿಶ್‌ನ ನೋಟದ ವಲಯದ, ಸೂಕ್ಷ್ಮತೆ ಇಳಿಯುವ ಇಳಿಜಾರಿನಲ್ಲಿ ಬೀಳುತ್ತದೆ. ಡಿಶ್‌ಗಳು ಆಕಾಶವನ್ನು ಹಿಂಬಾಲಿಸುವಾಗ ಬೀಮ್ ತಿರುಗುವುದರಿಂದ ಅದರ ಹೊಳಪು ಏರಿಳಿದು, ಚಿತ್ರದ ತುಂಬ ಚಕ್ರದ ಕಡ್ಡಿಗಳಂಥ ಗೆರೆಗಳು ಮೂಡುತ್ತವೆ. ಆ ದಿಕ್ಕಿಗೆ ಪ್ರತ್ಯೇಕ ಕ್ಯಾಲಿಬ್ರೇಶನ್ (ಅಳತೆಯ ತಿದ್ದುಪಡಿ) ಮಾಡಿ 3ಸಿ 84ನ್ನು ಕಳೆಯುವುದೇ ದಾರಿ. ಆದರೆ ತಿದ್ದಲು ಬಳಸುವ ಆಕಾಶದ ಮಾದರಿಯಲ್ಲಿ ಬಾಲ ಪೂರ್ತಿ ಸೇರಿರದಿದ್ದಾಗ ಕ್ಯಾಲಿಬ್ರೇಶನ್‌ನ ಕಾಲಾವಧಿ ತೀರಾ ಕಿರಿದಾದರೆ, ಬಾಲದ ಬೆಳಕನ್ನೂ ಅದು ನುಂಗಿಬಿಡುತ್ತದೆ. ಇದನ್ನು ಹಿಡಿದು ತಿದ್ದಿಸಿದ ಸಹೋದ್ಯೋಗಿಗಳನ್ನು ಮನಸಾರೆ ನೆನೆಯುತ್ತೇವೆ.

ಹೆಸರು ತಿಳಿಯದ ವಿಮರ್ಶಕರಿಗೆ ವಿಶೇಷ ಕೃತಜ್ಞತೆ. 400 ಮತ್ತು 650 ಮೆಗಾಹರ್ಟ್ಸ್ ನಕ್ಷೆಗಳನ್ನು ಒಂದೇ ಯುವಿ ವ್ಯಾಪ್ತಿಯಲ್ಲಿ (ತರಂಗಾಂತರದ ಲೆಕ್ಕದಲ್ಲಿ ಅಳೆದ ಬೇಸ್‌ಲೈನ್‌ಗಳ ವ್ಯಾಪ್ತಿ), ಒಂದೇ ರೆಸಲ್ಯೂಶನ್‌ನಲ್ಲಿ ಮತ್ತೆ ಮಾಡಿ ಎಂದು ಅವರು ಪಟ್ಟು ಹಿಡಿದರು. ಹೆಚ್ಚಿನ ಆವರ್ತನದಲ್ಲಿ ಚಿಕ್ಕ ಬೇಸ್‌ಲೈನ್ ಕೊರತೆಯಾದರೆ ಹರಡಿದ ಬೆಳಕು ಕಳೆದು, ಸ್ಪೆಕ್ಟ್ರಮ್ (ಆವರ್ತನಕ್ಕೆ ತಕ್ಕಂತೆ ಹೊಳಪು ಬದಲಾಗುವ ರೀತಿ) ಸುಳ್ಳೇ ಕಡಿದಾಗಿ ಕಾಣುತ್ತದೆ. ಆಗ ಈ ರೇಡಿಯೊ ಬೆಳಕು ಬೀರುವ ಎಲೆಕ್ಟ್ರಾನ್‌ಗಳು ನಿಜಕ್ಕಿಂತ ಮುದಿಯಾದವು ಎಂದು ಲೆಕ್ಕ ತಪ್ಪುತ್ತದೆ. ಆ ಮಾತು ಕೇಳಿದ್ದೇ ಒಳ್ಳೆಯದಾಯಿತು.

ನಕ್ಷೆ ಬಳಸುವವರಲ್ಲಿ ಒಂದು ವಿನಂತಿ: ಬಾಲದ ತುದಿಯ ಬಣ್ಣ ಓದುವಾಗ ದೋಷದ ನಕ್ಷೆಯನ್ನೂ (ಎಲ್ಲಿ ಅಳತೆ ಎಷ್ಟು ಅನಿಶ್ಚಿತ ಎಂದು ತೋರಿಸುವ ನಕ್ಷೆ) ಪಕ್ಕದಲ್ಲಿಟ್ಟುಕೊಳ್ಳಿ.