ಹೊಸ ರೌಟರ್ ಹಾಕಿದ ಮೇಲೆ ಮನೆಯ ಕಂಪ್ಯೂಟರ್‌ಗೆ ವೈಫೈ ಸಿಗದಿರುವ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ಇವರಿಂದ,
ನಿಮ್ಮ ಫೈಬರ್ ಇಂಟರ್ನೆಟ್ ಗ್ರಾಹಕಿ,
ಹೊನ್ನಾವರ

ದಿನಾಂಕ: ಜೂನ್ 22

ವಿಷಯ: ಸರಿಯಾಗದ ದೂರನ್ನು ಮೂರು ಸಲ 'ಪರಿಹಾರವಾಗಿದೆ' ಎಂದು ಮುಚ್ಚಿರುವುದು.

ಮಾನ್ಯರೇ,

ನಾನು ಮೂರು ವರ್ಷದಿಂದ ನಿಮ್ಮ ಇಂಟರ್ನೆಟ್ ಬಳಸುತ್ತಿದ್ದೇನೆ. ಮನೆಯಲ್ಲೇ ಕೂತು ಊರಿನ ಹದಿನಾಲ್ಕು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಅವರ ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಒಂದು ತಿಂಗಳೂ ನಿಮ್ಮ ಬಿಲ್ ತಡವಾಗಿ ಕಟ್ಟಿಲ್ಲ. ಇಷ್ಟು ವರ್ಷ ನಿಮ್ಮ ಲೈನ್ ಚೆನ್ನಾಗಿಯೇ ಇತ್ತು, ಅದನ್ನೂ ಹೇಳಬೇಕು.

ಮೇ 28ರ ರಾತ್ರಿ ಸಿಡಿಲಿಗೆ ರೌಟರ್ ಸುಟ್ಟುಹೋಯಿತು. ಜೂನ್ 2ರಂದು ನಿಮ್ಮವರು ಬಂದು ಹೊಸ ರೌಟರ್ ಹಾಕಿದರು. ಅದಕ್ಕೆ 1,800 ರೂಪಾಯಿ ಕೊಟ್ಟಿದ್ದೇನೆ, ರಸೀದಿ ಇದೆ. ಅವತ್ತು ಅವರು ನನ್ನ ಫೋನ್ ಕನೆಕ್ಟ್ ಮಾಡಿ ಒಂದು ವಿಡಿಯೋ ಓಡಿಸಿ ತೋರಿಸಿದರು, ಒಟಿಪಿ ಕೇಳಿದರು, ಹೋದರು. ಸಂಜೆ ಕಂಪ್ಯೂಟರ್ ಹಾಕಿ ನೋಡಿದರೆ ಅದು ಕನೆಕ್ಟ್ ಆಗಲಿಲ್ಲ. ವೈಫೈ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಈ ನೆಟ್‌ವರ್ಕ್‌ಗೆ ಸೇರಲು ಆಗುತ್ತಿಲ್ಲ ಎಂಬ ಮೆಸೇಜ್ ಬರುತ್ತದೆ. ಇವತ್ತಿಗೆ 20 ದಿನವಾಯಿತು.

ಜೂನ್ 3ಕ್ಕೆ ಮೊದಲ ದೂರು ಕೊಟ್ಟೆ. 5ನೇ ತಾರೀಕು ಬಂದವರು 'ಫೋನಿಗೆ ಬರುತ್ತಿದೆಯಲ್ಲ ಮೇಡಂ, ನಿಮ್ಮ ಕಂಪ್ಯೂಟರ್ ಹಳೆಯದು' ಎಂದರು. ಬಂದು ಹೋದದ್ದಕ್ಕೆ ಬೇಕು ಎಂದು ಒಟಿಪಿ ತೆಗೆದುಕೊಂಡರು. ಅವರು ಗೇಟು ದಾಟುವ ಮೊದಲೇ 'ನಿಮ್ಮ ದೂರು ಪರಿಹಾರವಾಗಿದೆ' ಎಂದು ಮೆಸೇಜ್ ಬಂತು. 9ಕ್ಕೆ ಎರಡನೇ ದೂರು. ಅದನ್ನು ಯಾರೂ ಬರದೆ ಫೋನಿನಲ್ಲೇ ಮುಚ್ಚಿದರು. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿ, ಇಲ್ಲವೇ 1,200 ರೂಪಾಯಿಯ ಹೊಸ ವೈಫೈ ಅಡಾಪ್ಟರ್ (ಕಂಪ್ಯೂಟರ್‌ಗೆ ವೈಫೈ ಹಿಡಿದುಕೊಡುವ ಸಣ್ಣ ಸಾಧನ) ತೆಗೆದುಕೊಳ್ಳಿ ಎಂಬುದು ಅವರ ಸಲಹೆ. ಹದಿನಾಲ್ಕು ಅಂಗಡಿಯ ಲೆಕ್ಕ ಇರುವ ಕಂಪ್ಯೂಟರ್ ಅದು. ತಪ್ಪು ಎಲ್ಲಿದೆ ಎಂದು ನೋಡದೆ ಫಾರ್ಮ್ಯಾಟ್ ಮಾಡಿ ಎನ್ನುವುದು ಸರಿಯಾ?

ತಪ್ಪು ಎಲ್ಲಿದೆ ಎಂದು ನಾನೇ ನೋಡಿದೆ. ದಯವಿಟ್ಟು ಈ ಭಾಗವನ್ನು ನಿಮ್ಮ ತಾಂತ್ರಿಕ ವಿಭಾಗದವರು ಗಮನವಿಟ್ಟು ಓದಬೇಕು.

ರೌಟರ್ ಜೊತೆ ಬಂದ ಸಣ್ಣ ಲ್ಯಾನ್ ಕೇಬಲ್‌ನಿಂದ ಕಂಪ್ಯೂಟರನ್ನು ನೇರವಾಗಿ ರೌಟರ್‌ಗೆ ಸಿಕ್ಕಿಸಿದೆ. ತಕ್ಷಣ ನೆಟ್ ಬಂತು. 100 ಎಂಬಿಪಿಎಸ್ ಪ್ಲಾನಿಗೆ 94 ಸ್ಪೀಡ್ ಬಂತು. ಹಾಗಾದರೆ ಲೈನೂ ಸರಿ, ಕಂಪ್ಯೂಟರೂ ಸರಿ. ಆಮೇಲೆ ಕೇಬಲ್ ತೆಗೆದು, ಅದೇ ಕಂಪ್ಯೂಟರನ್ನು ಅದೇ ಹಳೆಯ ಅಡಾಪ್ಟರ್‌ನಿಂದ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿದೆ. ಅದೂ ಕನೆಕ್ಟ್ ಆಯಿತು. ಅಂದರೆ ಅಡಾಪ್ಟರ್ ಕೂಡ ಸರಿ ಇದೆ. ಇನ್ನೊಂದು ವಿಷಯ: ಅಮ್ಮನ ಹಳೆಯ ಫೋನ್ ಕೂಡ ಹೊಸ ರೌಟರ್‌ಗೆ ಸೇರುವುದಿಲ್ಲ, ನನ್ನ ಹೊಸ ಫೋನ್ ಮಾತ್ರ ಸೇರುತ್ತದೆ. ನನ್ನ ಫೋನಿನ ವೈಫೈ ವಿವರ ತೆರೆದು ನೋಡಿದಾಗ ಕಾರಣ ಕಂಡಿತು. ಸೆಕ್ಯುರಿಟಿ ಎಂಬ ಕಡೆ ಡಬ್ಲ್ಯೂಪಿಎ3 ಎಂದು ಇದೆ. ವೈಫೈಗೆ ಬೇರೆಯವರು ನುಗ್ಗದಂತೆ ಕಾಯುವ ಹೊಸ ವಿಧಾನ ಅದು.

ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ಅದಕ್ಕೂ ಮೊದಲು, 2004ರಲ್ಲಿ, ಬಂದದ್ದು ಡಬ್ಲ್ಯೂಪಿಎ2. ಹಳೆಯ ಅಡಾಪ್ಟರ್‌ಗಳಿಗೆ ಮತ್ತು ಹಳೆಯ ಫೋನ್‌ಗಳಿಗೆ ಅದು ಮಾತ್ರ ಗೊತ್ತು. ರೌಟರ್‌ನಲ್ಲಿ ಎರಡೂ ಒಟ್ಟಿಗೆ ನಡೆಯುವ ಮಿಕ್ಸೆಡ್ ಮೋಡ್ ಇರುತ್ತದೆ. ನಮ್ಮ ಮನೆಯದನ್ನು ಬರೀ ಡಬ್ಲ್ಯೂಪಿಎ3ಕ್ಕೆ ಇಟ್ಟಿದ್ದಾರೆ ಎಂದು ನನಗೆ ಅನಿಸುತ್ತದೆ. ಬದಲಾಯಿಸೋಣ ಎಂದು ಬ್ರೌಸರ್‌ನಲ್ಲಿ ರೌಟರ್‌ನ ಸೆಟ್ಟಿಂಗ್ ಪುಟ (192.168.1.1) ತೆರೆದೆ. ರೌಟರ್‌ನ ಅಡಿಯ ಸ್ಟಿಕ್ಕರ್‌ನಲ್ಲಿರುವ ಅಡ್ಮಿನ್ ಪಾಸ್‌ವರ್ಡ್ ತೆಗೆದುಕೊಳ್ಳಲೇ ಇಲ್ಲ. ನೀವು ಅದನ್ನು ಬದಲಾಯಿಸಿದ್ದೀರಿ. ನಾನು ದುಡ್ಡು ಕೊಟ್ಟ ರೌಟರ್, ಅದರ ಬೀಗದ ಕೈ ನಿಮ್ಮ ಹತ್ತಿರ.

13ಕ್ಕೆ ಮೂರನೇ ದೂರು ಕೊಟ್ಟು ಇದನ್ನೆಲ್ಲ ಹೇಳಿದೆ. 15ರಂದು ಜೋರು ಮಳೆಯಲ್ಲಿ ಒಬ್ಬ ಹುಡುಗ ಬಂದ. ಎಲ್ಲ ತೋರಿಸಿದೆ, ಒಪ್ಪಿದ. ಆದರೆ 'ನಮಗೂ ಆ ಪಾಸ್‌ವರ್ಡ್ ಕೊಟ್ಟಿಲ್ಲ, ಆಫೀಸಿನವರೇ ಮಾಡಬೇಕು' ಎಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೈಗೆ ಸಲಕರಣೆ ಕೊಡದೆ ಅವನನ್ನು ಕಳಿಸಿದವರ ಮೇಲೆ ಬೇಸರವಿದೆ. ಆ ಸಲ ನಾನು ಒಟಿಪಿ ಕೊಡಲಿಲ್ಲ. ಆದರೂ ಮರುದಿನ 'ಪರಿಹಾರವಾಗಿದೆ' ಎಂಬ ಮೆಸೇಜ್ ಬಂತು!

ಈ 20 ದಿನ ನಾನು ಹೇಗೆ ಕೆಲಸ ಮಾಡಿದೆ ಎಂದು ಹೇಳಬೇಕು. ತಿಂಗಳ 11ಕ್ಕೆ ಮಾರಾಟದ ವಿವರದ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕಬೇಕು. 3ಬಿ ಒಂದು ದಿನ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಅಂಗಡಿಯವರು ನನ್ನನ್ನೇ ಕೇಳುತ್ತಾರೆ. ಒಳಕೋಣೆಯಲ್ಲಿದ್ದ ಸಿಪಿಯು, ಮಾನಿಟರ್, ಯುಪಿಎಸ್ ಎಲ್ಲ ಹೊತ್ತು ತಂದು ಜಗುಲಿಯಲ್ಲಿ ರೌಟರ್ ಪಕ್ಕ ಇಟ್ಟೆ. ಕೇಬಲ್ ಒಂದೇ ಮೀಟರ್ ಉದ್ದ. ಅಮ್ಮ ಕೂರುವ ಜಾಗ ಅದು. ಅವರಿಗೆ 78 ವರ್ಷ. ರಾತ್ರಿ ಹನ್ನೊಂದರವರೆಗೆ ನಾನು ಅಲ್ಲಿ ಟೈಪ್ ಮಾಡುತ್ತಿದ್ದರೆ ಅವರು ಒಳಗೆ ಒಬ್ಬರೇ ಕೂತಿರುತ್ತಿದ್ದರು. ಒಂದು ಸೆಟ್ಟಿಂಗ್‌ಗಾಗಿ ಇಷ್ಟೆಲ್ಲ ಆಗಬೇಕಿತ್ತಾ?

ಈಗ ನೀವು ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ರೌಟರನ್ನು ಮಿಕ್ಸೆಡ್ ಮೋಡ್‌ಗೆ ಹಾಕಿ. ಅದು ನಿಮ್ಮ ಆಫೀಸಿನಿಂದಲೇ ಆಗುತ್ತದೆ ಎಂದು ಬಂದ ಹುಡುಗನೇ ಹೇಳಿದ್ದಾನೆ. ಹಾಗೆಯೇ ರೌಟರ್‌ನ ಎರಡು ವೈಫೈ ತರಂಗಗಳಿಗೆ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್‌ಗೆ, ಬೇರೆ ಬೇರೆ ಹೆಸರು ಕೊಡಿ. ನಮ್ಮದು ಚಿರೆಕಲ್ಲಿನ ಹಳೆಯ ಮನೆ, ಗೋಡೆ ಒಂದೂವರೆ ಅಡಿ ದಪ್ಪ. 5 ಗಿಗಾಹರ್ಟ್ಸ್ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ನನ್ನ ಅಡಾಪ್ಟರ್ ಹಿಡಿಯುವುದೂ 2.4 ಮಾತ್ರ. ಅಡ್ಮಿನ್ ಪಾಸ್‌ವರ್ಡ್ ನನಗೆ ಕೊಡಿ. ಈ 20 ದಿನದ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯಿರಿ.

ಎಲ್ಲಕ್ಕಿಂತ ಜಾಸ್ತಿ, ಆ ಮೂರು ದೂರುಗಳ ದಾಖಲೆಯನ್ನು ತಿದ್ದಿ. ಸರಿಯಾಗದ್ದನ್ನು ಸರಿಯಾಗಿದೆ ಎಂದು ಬರೆಯಬಾರದು ಅಲ್ವಾ? ಇದು ಸುಮ್ನೆ ಹಟಕ್ಕೆ ಕೇಳುತ್ತಿರುವುದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ, ಪರಿಹಾರ ಸರಿ ಅನಿಸದ ಗ್ರಾಹಕರು 30 ದಿನದೊಳಗೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ನೀವು ಸುಳ್ಳೇ ಮುಚ್ಚುತ್ತಾ ಹೋದರೆ ನನ್ನ ಆ ದಿನಗಳು ಸುಮ್ಮನೆ ಕಳೆದುಹೋಗುತ್ತವೆ. ಮೂರೂ ದೂರುಗಳ ಡಾಕೆಟ್ (ನೋಂದಣಿ) ಸಂಖ್ಯೆ, ಮೆಸೇಜ್‌ಗಳ ಫೋಟೋ, ರಸೀದಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಜೂನ್ 30ರೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕುತ್ತೇನೆ.

ಯಾರನ್ನಾದರೂ ಕಳಿಸುವುದಾದರೆ ಮೊದಲು ಫೋನ್ ಮಾಡಿಸಿ, ಕರೆಂಟ್ ಇದೆಯಾ ನೋಡಿ ಹೇಳುತ್ತೇನೆ. ಬಂದವರು ನನ್ನ ಫೋನ್ ಕೇಳುವುದು ಬೇಡ. ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಜಿಎಸ್‌ಟಿ ಪೋರ್ಟಲ್ ತೆರೆದು ತೋರಿಸಲಿ. ಆಮೇಲೆ ಒಟಿಪಿ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ,
ಹೊನ್ನಾವರ