ಪ್ರವೇಶ ಪರೀಕ್ಷೆಯಿಲ್ಲದ ಎಂಬಿಎ: ಮಾನ್ಯತೆ ಪರಿಶೀಲಿಸಿ

ಮಾನ್ಯರೇ,

ಪ್ರವೇಶ ಪರೀಕ್ಷೆಯಿಲ್ಲದೆ ಆನ್‌ಲೈನ್ ಎಂಬಿಎ ಎಂಬ ಜಾಹೀರಾತುಗಳನ್ನೆಲ್ಲ ಮೋಸವೆನ್ನಲಾಗದು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೇ ಹಾಗೆ ಪ್ರವೇಶ ನೀಡುತ್ತಿದೆ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರಷ್ಟೇ ಸಾಲದು, ಅದೇ ಕೋರ್ಸಿಗೆ, ಅದೇ ಶೈಕ್ಷಣಿಕ ವರ್ಷಕ್ಕೆ, ಆನ್‌ಲೈನ್ ವಿಧಾನದಲ್ಲಿಯೇ ಅನುಮತಿ ಇದೆಯೇ ಎಂಬುದನ್ನು ಅಭ್ಯರ್ಥಿಗಳು ಖಚಿತಪಡಿಸಿಕೊಳ್ಳಬೇಕು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಮಾನ್ಯತೆ ಕಳೆದುಕೊಂಡು, 2018ರಲ್ಲಿ ಅದನ್ನು ಮರಳಿ ಪಡೆಯುವವರೆಗೆ ವಿದ್ಯಾರ್ಥಿಗಳು ಪಟ್ಟ ಪಾಡು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಅನುಮತಿ ಪಡೆದ ಆನ್‌ಲೈನ್ ಪದವಿಯು ತರಗತಿಯಲ್ಲಿ ಕಲಿತು ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಅನುಮತಿಯಿಲ್ಲದ್ದಕ್ಕೆ ಆ ರಕ್ಷಣೆಯಿಲ್ಲ. ಹೊರಗಿನ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸುವ ಫ್ರಾಂಚೈಸಿ ವ್ಯವಸ್ಥೆಗೆ ನಿಯಮದಲ್ಲಿ ಅವಕಾಶವೇ ಇಲ್ಲದಿರುವಾಗ, ‘ಇಂದೇ ಕೊನೆಯ ದಿನ’ ಎಂದು ಫೋನಿನಲ್ಲಿ ಅವಸರಪಡಿಸಿ (ಈ ಕೊನೆಯ ದಿನ ಪ್ರತಿ ವಾರವೂ ಬರುತ್ತದೆ) ಕಂತಿನ ಸಾಲಕ್ಕೆ ಸಹಿ ಹಾಕಿಸುವ ಮಧ್ಯವರ್ತಿಗಳ ಮೇಲೆ ಉನ್ನತ ಶಿಕ್ಷಣ ಇಲಾಖೆ ಕ್ರಮ ಕೈಗೊಳ್ಳಲಿ.

– ನಿವೃತ್ತ ವಾಣಿಜ್ಯ ಉಪನ್ಯಾಸಕ, ಧಾರವಾಡ